ನಿನ್ನೆ ಎಸ್‌ಡಿಬಿ ಆಗಿದ್ದ ಡಿಸ್ಕು

ತಡೆಯಿರಿ, ಇನ್ನೂ ಎಂಟರ್ ಒತ್ತಬೇಡಿ. ಒಂದು ಡಿಸ್ಕಿನಿಂದ ಇನ್ನೊಂದಕ್ಕೆ ಏನನ್ನಾದರೂ ನಕಲು ಮಾಡಲು ಹೊರಟಿದ್ದರೆ, ಅದರಲ್ಲೂ ವಿಂಡೋಸ್ ಬದಲು ಲಿನಕ್ಸ್ ಓಡುವ ಯಂತ್ರದಲ್ಲಿ ಹೊರಟಿದ್ದರೆ, ಕೀಬೋರ್ಡಿನಿಂದ ಕೈ ತೆಗೆದು ಮೊದಲು ಇದನ್ನು ಓದಿ. ಆಮೇಲೆ ನಿಮ್ಮಿಷ್ಟ. ನನಗೆ ಯಾರಾದರೂ ಹೀಗೆ ಅಡ್ಡ ಬಂದು ಹೇಳಿದ್ದರೆ, ಆ ದಸರೆಯ ಮರುವಾರ ನನಗೆ ಊಟವಾದರೂ ಸೇರುತ್ತಿತ್ತು.

ರಾಯಚೂರಿನಲ್ಲಿ ನಮ್ಮದೊಂದು ರೀಡಿಂಗ್ ರೂಮು. ಕೆಳಗೆ ಅಕ್ಕಿ ಅಂಗಡಿ, ಮೇಲೆ ನಾವು. ಸರ್ಕಾರಿ ಹುದ್ದೆಯ ಪರೀಕ್ಷೆಗಳಿಗೆ ಓದುವವರು ಕೂರಲಿ ಎಂದು ಅಂಗಡಿಯ ಸಾವುಕಾರರೇ ಮಹಡಿಯ ಕೋಣೆ ಬಿಟ್ಟುಕೊಟ್ಟಿದ್ದಾರೆ. ಇಂಥವೇ ಇನ್ನೆರಡು ಕೋಣೆಗಳು ದೇವದುರ್ಗದಲ್ಲಿ ಮತ್ತು ಮಾನ್ವಿಯಲ್ಲಿವೆ. ಮೂರಕ್ಕೂ ಒಂದೇ ಕಟ್ಟುನಿಟ್ಟು: ಬಾಗಿಲಲ್ಲಿ ಮೊಬೈಲನ್ನು ಡಬ್ಬಿಗೆ ಹಾಕಿಯೇ ಒಳಗೆ ಬರಬೇಕು. ಆದ್ದರಿಂದ ಪಾಠದ ವಿಡಿಯೊಗಳೆಲ್ಲ ಕೋಣೆಯ ಕಂಪ್ಯೂಟರಿನಲ್ಲೇ ಇರಬೇಕು. ಹಳೆಯ ಬಿಡಿಭಾಗ ಕೂಡಿಸಿ ಆ ಮೂರೂ ಕಂಪ್ಯೂಟರುಗಳನ್ನು ಕಟ್ಟಿದವನು ನಾನು. ನನಗೆ ಯಾರೂ ಕಲಿಸಿಲ್ಲ. ಕೆಡಿಸಿ ಕೆಡಿಸಿ ಕಲಿತಿದ್ದೇನೆ.

ಗಣಿತದ ಪಾಠಗಳು ಅಕ್ಕನವು. ನನಗೆ ಒಡಹುಟ್ಟಿದವಳಲ್ಲ, ಯಾಪಲದಿನ್ನಿಯಿಂದ ದಿನಾ ಬಸ್ಸಿಗೆ ಬಂದು ನಮ್ಮಲ್ಲಿ ಓದುವವಳು, ಎಲ್ಲರಿಗಿಂತ ದೊಡ್ಡವಳು, ಅದಕ್ಕೇ ಎಲ್ಲರಿಗೂ ಅಕ್ಕ. ತಾನು ಪರೀಕ್ಷೆಗೆ ಓದುತ್ತ ಓದುತ್ತಲೇ ಒಂದೊಂದು ಲೆಕ್ಕವನ್ನು ಬೋರ್ಡಿನ ಮೇಲೆ ಬಿಡಿಸಿ, ಮೊಬೈಲಿನಲ್ಲಿ ಹಿಡಿದು, ನನಗೆ ಕೊಡುತ್ತಿದ್ದಳು. ಪುಸ್ತಕದ ಕನ್ನಡದಲ್ಲಿ ಅಲ್ಲ, ನಮ್ಮ ಮಾತಿನಲ್ಲಿ. "ಇಬ್ಬರು ಕೂಡಿ ಹೊಲ ಕಳೇ ತಗದ್ರ ಎಷ್ಟು ದಿನ" ಅಂತ ಅವಳು ಶುರು ಮಾಡಿದರೆ ದೇವದುರ್ಗದಲ್ಲಿ ಹಿಂದಿನ ಬೆಂಚಿನವರೂ ಮುಂದೆ ಬಂದು ಕೂರುತ್ತಾರಂತೆ. ಅವಳ ಮೊಬೈಲಿನಲ್ಲಿ ಜಾಗ ಕಡಿಮೆ. ನನ್ನ ಡಿಸ್ಕಿಗೆ ಬಂದ ಕೂಡಲೇ ಅಲ್ಲಿಂದ ಅಳಿಸಿಬಿಡುತ್ತಿದ್ದಳು. ಅಂದರೆ ಆ ಪಾಠಗಳಿದ್ದದ್ದು ನನ್ನ ಡಿಸ್ಕುಗಳಲ್ಲಿ ಮಾತ್ರ.

ದಸರೆ ಮುಗಿದು ಸ್ವಲ್ಪ ದಿನಕ್ಕೆ ಪರೀಕ್ಷೆ ಇತ್ತು. ಅಕ್ಕನಿಗೆ ಅದು ಕೊನೆಯದು. ಮುಂದಿನ ಸಲ ಅರ್ಜಿ ಹಾಕಲು ವಯಸ್ಸು ಮೀರುತ್ತಿತ್ತು.

ಈಗ ಡಿಸ್ಕುಗಳ ವಿಷಯ. ರಾಯಚೂರಿನ ಕಂಪ್ಯೂಟರಿನಲ್ಲಿ ಯಂತ್ರ ನಡೆಸಲು ಒಂದು ಸಣ್ಣ ಡಿಸ್ಕು, ಎಲ್ಲ ಪಾಠಗಳ ಮೂಲ ಇರುವ ಒಂದು ದೊಡ್ಡ ಡಿಸ್ಕು. ಮೂರನೆಯದು ಪ್ರಯಾಣದ ಡಿಸ್ಕು. ದೇವದುರ್ಗಕ್ಕೊಂದು, ಮಾನ್ವಿಗೊಂದು ಹೀಗೆ ಎರಡಿವೆ. ಟವೆಲಿನಲ್ಲಿ ಸುತ್ತಿ, ಊಟದ ಡಬ್ಬಿಯಲ್ಲಿಟ್ಟು, ಬಸ್ಸಿಗೆ ಹೋಗುವವರ ಕೈಯಲ್ಲಿ ಕಳಿಸುತ್ತೇವೆ. ಒಂದೊಂದಾಗಿ ರಾಯಚೂರಿಗೆ ಬಂದು ಹೊಸ ಪಾಠ ತುಂಬಿಸಿಕೊಂಡು ಹೋಗುತ್ತವೆ. ಪರದೆಯ ಮೇಲೆ ಲಿನಕ್ಸು ಸಣ್ಣ ಡಿಸ್ಕನ್ನು ಎಸ್‌ಡಿಎ, ಮೂಲವನ್ನು ಎಸ್‌ಡಿಬಿ, ಪ್ರಯಾಣದ್ದನ್ನು ಎಸ್‌ಡಿಸಿ ಎಂದು ತೋರಿಸುತ್ತಿತ್ತು. ತುಂಬಿಸಲು ನಾನೊಂದು ಸ್ಕ್ರಿಪ್ಟು, ಅಂದರೆ ಆಜ್ಞೆಗಳ ಪಟ್ಟಿ, ಬರೆದಿದ್ದೆ. ಕಂಪ್ಯೂಟರ್ ಚಾಲೂ ಆದ ಕೂಡಲೇ ಅದು ತಾನೇ ಓಡುತ್ತದೆ: ಎಸ್‌ಡಿಬಿಯಲ್ಲಿ ಇರುವುದನ್ನೆಲ್ಲ ಎಸ್‌ಡಿಸಿಗೆ ನಕಲು ಮಾಡು, ಎಸ್‌ಡಿಬಿಯಲ್ಲಿ ಇಲ್ಲದ್ದು ಎಸ್‌ಡಿಸಿಯಲ್ಲಿದ್ದರೆ ಅಳಿಸು. ಎರಡೂ ತದ್ರೂಪವಾಗಿರಲಿ ಎಂದು ಆ ಅಳಿಸುವ ಮಾತು ಸೇರಿಸಿದ್ದೆ. ಬಹಳ ಹೆಮ್ಮೆಯ ಸ್ಕ್ರಿಪ್ಟು ಅದು.

ಎಸ್‌ಡಿಎ, ಎಸ್‌ಡಿಬಿ, ಎಸ್‌ಡಿಸಿ ಎನ್ನುವುದು ಡಿಸ್ಕಿನ ಹೆಸರಲ್ಲ ಎಂಬುದು ನನಗೆ ಗೊತ್ತಿರಲಿಲ್ಲ. ಹೆಸರು ಎಂದೇ ತಿಳಿದಿದ್ದೆ.

ಆಯುಧಪೂಜೆಯ ಮರುದಿನ ಬೆಳಿಗ್ಗೆ ನಾನು ಮೆಟ್ಟಿಲು ಹತ್ತುವಾಗ ಸಾವುಕಾರರು ಅಕ್ಕಿ ಚೀಲದ ಮೇಲೆ ಕೂತು ಚಹಾ ಕುಡಿಯುತ್ತಿದ್ದರು. ಹಣೆ ತುಂಬ ವಿಭೂತಿ. ಅಂಗಡಿಯ ತೂಕದ ಯಂತ್ರಕ್ಕೆ, ಸ್ಕೂಟರಿಗೆ, ಪಂಪಿಗೆ ಎಲ್ಲಕ್ಕೂ ಚೆಂಡು ಹೂವಿನ ಮಾಲೆ.

"ಬಾ ತಮ್ಮಾ, ನಿನ್ನ ಮಷೀನಿಗೂ ಪೂಜಾ ಮಾಡೀನಿ ನೋಡು. ಒಳಗ ಏನ್ ಧೂಳಪಾ ಅದು! ಎಲ್ಲಾ ಬಿಚ್ಚಿ, ಒರಸಿ, ಇಭೂತಿ ಕುಂಕುಮ ಹಚ್ಚಿ, ಇದ್ದಂಗ ಜೋಡ್ಸೀನಿ."

"ಇದ್ದಂಗ ಅಂದ್ರ ಹೆಂಗ್ರೀ ಸಾವುಕಾರ್ರ?"

"ಹೆಂಗಂದ್ರ? ಮೂರು ಡಬ್ಬಿ ಇದ್ವು, ಮೂರು ವಾಯರ್ ಇದ್ವು, ಸಿಗಿಸೀನಿ. ಚಾಲೂನೂ ಮಾಡೀನಿ. ಭರ್ ಅಂತ ಓಡಾಕತ್ತೈತಿ, ಹೋಗು."

ನಾನು ಎರಡೆರಡು ಮೆಟ್ಟಿಲು ಹಾರಿ ಹತ್ತಿದೆ. ಅಕ್ಕ ಆಗಲೇ ಪರದೆಯ ಮುಂದೆ ಕೂತಿದ್ದಳು.

"ತಮ್ಮಾ, ಸಮಯ ಮತ್ತು ಕೆಲಸ ಎಲ್ಲಿಟ್ಟೀ?"

"ಗಣಿತದಾಗೇ ಐತಲ್ಲಕ್ಕಾ."

"ಇಲ್ಲ. ಅದೂ ಇಲ್ಲ, ಅದರ ಮುಂದಿಂದ್ಯಾವೂ ಇಲ್ಲ. ಲಾಭ ನಷ್ಟಕ್ಕ ಬಂದು ನಿಂತೈತಿ."

ಪ್ರಯಾಣದ ಜಾಗದಲ್ಲಿ ಆಗ ಇದ್ದದ್ದು ದೇವದುರ್ಗದ ಡಿಸ್ಕು. ಅದು ಬಹಳ ದಿನ ದೇವದುರ್ಗದಲ್ಲೇ ಉಳಿದು ಹಿಂದಿನ ದಿನವಷ್ಟೇ ಬಂದಿತ್ತು, ಸಿಗಿಸಿಟ್ಟಿದ್ದೆ, ಇನ್ನೂ ತುಂಬಿಸಿರಲಿಲ್ಲ. ಅದರಲ್ಲಿ ಲಾಭ ನಷ್ಟದವರೆಗಿನ ಹಳೆಯ ಪಾಠಗಳು ಮಾತ್ರ. ಪೂಜೆಯಲ್ಲಿ ವಾಯರು ಅದಲು ಬದಲಾಗಿ ದೇವದುರ್ಗದ ಡಿಸ್ಕು ಎಸ್‌ಡಿಬಿ ಆಗಿದೆ, ಮೂಲ ಎಸ್‌ಡಿಸಿ ಆಗಿದೆ. ಸ್ಕ್ರಿಪ್ಟು ಹೇಳಿದ ಹಾಗೇ ಕೇಳಿದೆ. ಹಳೆಯದನ್ನು ಮೂಲವೆಂದುಕೊಂಡು, ನಿಜವಾದ ಮೂಲದಲ್ಲಿದ್ದ ಹೊಸ ಪಾಠಗಳನ್ನೆಲ್ಲ ಅಳಿಸಿದೆ.

ಕೆಳಗೆ ಬಂದು ಸಾವುಕಾರರ ಮುಂದೆ ನಿಂತೆ. "ಏನ್ ಮಾಡೀರ್ರೀ ನೀವು? ವಾಯರ್ ಅದ್ಲು ಬದ್ಲು ಆಗ್ಯಾವ. ಅಕ್ಕನ ಪಾಠ ಎಲ್ಲಾ ಹೋಗ್ಯಾವ!"

ಅವರ ಕೈಯಲ್ಲಿದ್ದ ಚಹಾ ಅಲ್ಲೇ ನಿಂತಿತು. "ದೇವರ ಕೆಲಸ ಮಾಡೀನಪಾ. ಕೇಡು ಬಯಸೀನೇನು?"

ಅಕ್ಕ ಹಿಂದೆಯೇ ಇಳಿದು ಬಂದಳು. "ಅವರ ಮ್ಯಾಲ ಯಾಕ ಒದರ್ತೀ? ಬಿಡು. ಬೋರ್ಡ್ ಐತಿ, ಮೊಬೈಲ್ ಐತಿ. ನಾಳಿಯಿಂದ ಮತ್ತ ಮಾಡ್ತೀನಿ."

"ಮತ್ತ ಮಾಡ್ತೀ? ನಿನ್ನ ಓದು?"

"ದೇವದುರ್ಗದವರು, ಮಾನ್ವಿಯವರು ಅವನ್ನ ನೆಚ್ಚಿ ಕುಂತಾರ. ಅವರಿಗೇನು ಹೇಳ್ಲಿ, ಪೂಜಾ ಮಾಡಿದ್ವಿ ಅಂತ ಹೇಳ್ಲೇನು?"

ಇದೇ ನನ್ನನ್ನು ಕೂರಗೊಡಲಿಲ್ಲ. ಪಾಠಗಳು ಸಿಗದಿದ್ದರೆ ಅವಳು ಪರೀಕ್ಷೆಯವರೆಗೂ ಬೋರ್ಡಿನ ಮುಂದೆ ನಿಲ್ಲುತ್ತಾಳೆ. ಕೊನೆಯ ಅವಕಾಶ ಹಾಗೇ ಹೋಗುತ್ತದೆ. ಬೇಡ ಎಂದರೆ ಕೇಳುವ ಜಾತಿಯಲ್ಲ ಅವಳು.

ಆಗ ಮಾನ್ವಿಯ ಡಿಸ್ಕು ನೆನಪಾಯಿತು. ಅದು ದಸರೆಗೆ ಸ್ವಲ್ಪ ಮುಂಚೆ ತುಂಬಿಸಿಕೊಂಡು ಹೋಗಿತ್ತು. ಕೊನೆಯ ಕೆಲವು ಬಿಟ್ಟು ಉಳಿದೆಲ್ಲ ಅದರಲ್ಲಿರಬೇಕು. "ಅಕ್ಕಾ, ಇವತ್ತೊಂದಿನ ಬೋರ್ಡ್ ಮುಟ್ಟಬ್ಯಾಡ" ಅಂದವನೇ ಬಸ್ ಸ್ಟ್ಯಾಂಡಿಗೆ ಓಡಿದೆ. ಕಲ್ಲೂರಿನಲ್ಲಿ ಬಸ್ಸು ನಿಂತು, ಹತ್ತಿ ಚೀಲ ಮೇಲೇರಿಸಿ, ಕಂಡಕ್ಟರ್ ಯಾರೊಂದಿಗೋ ಜಗಳ ಮುಗಿಸುವಷ್ಟರಲ್ಲಿ ನಾನು ಬಾಗಿಲಿಗೂ ಸೀಟಿಗೂ ಓಡಾಡಿ ಕಂಡಕ್ಟರನಿಂದ ಬೈಸಿಕೊಂಡೆ. ಮಾನ್ವಿಯಲ್ಲಿ ಡಿಸ್ಕು ತೆಗೆದುಕೊಂಡು ಅದೇ ಬಸ್ಸು ತಿರುಗುವಷ್ಟರಲ್ಲಿ ಹತ್ತಿದೆ. ಡಬ್ಬಿಯನ್ನು ತೊಡೆಯ ಮೇಲಿಂದ ಇಳಿಸಲಿಲ್ಲ.

ರಾಯಚೂರಿಗೆ ಬಂದು ನಾನು ಮಾಡಿದ ಲೆಕ್ಕ ಹೀಗಿತ್ತು. ಮೂಲದ ವಾಯರಿಗೆ ಮಾನ್ವಿಯ ಡಿಸ್ಕು ಸಿಗಿಸಿದರೆ ಅದೇ ಎಸ್‌ಡಿಬಿ. ಪ್ರಯಾಣದ ಡಿಸ್ಕಿನ ವಾಯರಿಗೆ ಮೂಲದ ಡಿಸ್ಕು ಸಿಗಿಸಿದರೆ ಅದು ಎಸ್‌ಡಿಸಿ. ಇನ್ನು ಸ್ಕ್ರಿಪ್ಟೇ ಮಾನ್ವಿಯಿಂದ ಮೂಲಕ್ಕೆ ಎಲ್ಲ ತುಂಬಿಕೊಡುತ್ತದೆ. ವಾಯರುಗಳನ್ನು ಒಂದಲ್ಲ ಎರಡು ಸಲ ನೋಡಿದೆ. ಚಾಲೂ ಮಾಡಿದೆ.

ಪರದೆ ಬಂತು. ಮೂಲದಲ್ಲಿ ಲಾಭ ನಷ್ಟದವರೆಗೇ ಇತ್ತು. ಮಾನ್ವಿಯ ಡಿಸ್ಕು ತೆರೆದೆ. ಅದರಲ್ಲೂ ಲಾಭ ನಷ್ಟದವರೆಗೇ.

"ಏನಾತೋ?" ಅಂದಳು ಅಕ್ಕ.

ವಾಯರು ಮತ್ತೆ ನೋಡಿದೆ, ಸರಿಯಾಗಿಯೇ ಇದ್ದವು. ಡಿಸ್ಕುಗಳ ಪಟ್ಟಿ ತೆಗೆಸಿದೆ. ಮೂಲದ ವಾಯರಿನಲ್ಲಿದ್ದ ಮಾನ್ವಿಯ ಡಿಸ್ಕು ಎಸ್‌ಡಿಸಿ ಎಂದು ಕೂತಿತ್ತು. ಮಾನ್ವಿಯಲ್ಲಿದ್ದದ್ದನ್ನೂ ನನ್ನ ಸ್ಕ್ರಿಪ್ಟು ಅಳಿಸಿತ್ತು. ಈ ಸಲ ಪೂಜೆ ಯಾರೂ ಮಾಡಿರಲಿಲ್ಲ.

ಪವರ್ ಬಟನ್ನನ್ನು ಒತ್ತಿ ಹಿಡಿದು ಆರಿಸಿದೆ. ನಂತರ ಮೊಬೈಲು ಹಿಡಿದು ಮೆಟ್ಟಿಲ ಮೇಲೆ ಕೂತು ಓದಿದೆ, ಮೊದಲೇ ಓದಬೇಕಾಗಿದ್ದದ್ದನ್ನು. ನಮ್ಮ ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ಬಂದಾಗ ಯಾರು ಮೊದಲು ನುಗ್ಗುತ್ತಾರೋ ಅವರಿಗೆ ಮೊದಲ ಸೀಟು ಹೌದಲ್ಲ? ಲಿನಕ್ಸಿನಲ್ಲಿ ಡಿಸ್ಕುಗಳದೂ ಅದೇ ಕತೆ. ಚಾಲೂ ಆಗುವಾಗ ಎಲ್ಲ ಡಿಸ್ಕುಗಳನ್ನೂ ಒಟ್ಟಿಗೆ ಎಬ್ಬಿಸಲಾಗುತ್ತದೆ. ಮೊದಲು ಓಗೊಟ್ಟದ್ದು ಎ, ಆಮೇಲಿನದು ಬಿ, ಅದರ ನಂತರದ್ದು ಸಿ. ಮಾನ್ವಿಯ ಡಿಸ್ಕು ಹಳೆಯದು, ಎದ್ದು ತಿರುಗಲು ತಡ ಮಾಡುತ್ತದೆ. ಇಷ್ಟು ದಿನ ಹೆಸರು ತಪ್ಪದೆ ಇದ್ದದ್ದು ಬರೀ ನಸೀಬು. ವಾಯರು ಯಾವುದಾದರೂ ಇರಲಿ, ಆ ಅಕ್ಷರದ ಮೇಲೆ ಭರವಸೆ ಇಡುವಂತಿಲ್ಲ.

ಕೆಳಗೆ ಹೋಗಿ ಸಾವುಕಾರರಿಗೆ ಹೇಳಿದೆ. "ನಿಮ್ಮ ಪೂಜಾದಿಂದ ಆಗಿದ್ದಲ್ರೀ. ವಾಯರ್ ಬರೋಬ್ಬರಿ ಇದ್ರೂ ಅದು ಹೆಸರು ಬದಲಿ ಮಾಡ್ತೈತಿ. ಇವತ್ತಿಲ್ಲ ನಾಳೆ ಆಗೋದಿತ್ತು."

"ಹೌದಾ?" ಅಂದರು ಅವರು, ಕನ್ನಡಕ ಏರಿಸಿಕೊಂಡು. "ಬೆಳಿಗ್ಗಿಂದ ನಾಷ್ಟಾ ಮಾಡಿಲ್ಲಪಾ ನಾ. ಈಗ ಎರಡು ಮಿರ್ಚಿ ಭಜಿ ತರಸ್ತೀನಿ, ನೀನೂ ತಿನ್ನು. ಹೋಗಿದ್ದು ಸಿಗ್ತೈತೇನು?"

ಸಿಗುವ ಸಾಧ್ಯತೆ ಇತ್ತು. ಅಳಿಸುವುದೆಂದರೆ ಫೈಲಿನ ಹೆಸರು, ವಿಳಾಸ ಕಿತ್ತುಹಾಕುವುದಷ್ಟೆ. ಆ ಜಾಗದ ಮೇಲೆ ಹೊಸದು ಬರೆಯುವವರೆಗೆ ಒಳಗಿನದು ಬಹುಪಾಲು ಹಾಗೇ ಇರುತ್ತದೆ. ನನ್ನ ಕೈ ತುರಿಸುತ್ತಿತ್ತು: ಈಗಲೇ ಚಾಲೂ ಮಾಡಿ, ಆ ಡಿಸ್ಕಿನ ಮೇಲೇ ಹುಡುಕುವ ಪ್ರೋಗ್ರಾಮ್ ಓಡಿಸಿಬಿಡೋಣ ಅಂತ. ಇಡೀ ದಿನ ನಾನು ಮಾಡಿದ್ದೆಲ್ಲ ಹೀಗೇ, ಈಗಲೇ ಮಾಡಿಬಿಡೋಣ ಅಂತಲೇ. ಆ ಮಿರ್ಚಿ ತಿನ್ನುವ ಹೊತ್ತಿನಲ್ಲಿ ನಿರ್ಧಾರ ಮಾಡಿದೆ. ಮೂಲದ ಡಿಸ್ಕಿನ ಮೇಲೆ ಇನ್ನು ಒಂದಕ್ಷರವನ್ನೂ ಬರೆಯುವುದಿಲ್ಲ. ಅದರ ಇಡೀ ಅಚ್ಚನ್ನು, ಖಾಲಿ ಜಾಗವೂ ಸೇರಿ, ಬೇರೊಂದು ಡಿಸ್ಕಿಗೆ ಇಳಿಸಿ, ಹುಡುಕುವುದು ಆ ಅಚ್ಚಿನಲ್ಲಿ.

"ದೊಡ್ಡ ಡಿಸ್ಕ್ ಒಂದು ಬೇಕಾಗ್ತದ್ರೀ. ಅದರಾಗಿದ್ದದ್ದು ಪೂರ್ತಿ ಒರಸಿ ಹೋದ್ರೂ ನಡೀಬೇಕು."

ಸಾವುಕಾರರು ತಲೆ ಎತ್ತಿ ಅಂಗಡಿಯ ಸಿಸಿ ಕ್ಯಾಮೆರಾ ನೋಡಿದರು. "ಅದರ ಡಬ್ಬಿಯೊಳಗ ಒಂದು ಐತಂತಲ್ಲ, ದೊಡ್ಡದು. ಬಿಚ್ಚು."

"ಕಳ್ಳ ಬಂದ್ರ?"

"ಅಕ್ಕಿ ಚೀಲ ಹೊತ್ಕೊಂಡು ಎಷ್ಟು ದೂರ ಓಡ್ಯಾನು? ಬಿಚ್ಚಲೇ ಜಲ್ದಿ."

ಅಚ್ಚು ಇಳಿಸುವ ಆಜ್ಞೆಗೆ ಎರಡು ಹೆಸರು ಕೊಡಬೇಕು: ಯಾವುದರಿಂದ, ಯಾವುದಕ್ಕೆ. ತಿರುಗುಮುರುಗಾದರೆ ಕ್ಯಾಮೆರಾ ಡಿಸ್ಕಿನ ಕಸ ಹೋಗಿ ಅಕ್ಕನ ಪಾಠದ ಮೇಲೆ ಕೂರುತ್ತದೆ. ಆಮೇಲೆ ದೇವರಿಗೂ ಸಿಗುವುದಿಲ್ಲ. ಇಷ್ಟು ಅಪಾಯದ ಆಜ್ಞೆಗೆ ಎಸ್‌ಡಿಬಿ ಎಂದು ಟೈಪು ಮಾಡಲು ನನಗೆ ಬೆರಳು ಬರಲಿಲ್ಲ. ಮೆಟ್ಟಿಲ ಮೇಲೆ ಓದಿದ್ದರಲ್ಲಿ ಇನ್ನೊಂದು ದಾರಿ ಇತ್ತು. ಪ್ರತಿ ಡಿಸ್ಕಿಗೂ ಕಾರ್ಖಾನೆಯಲ್ಲೇ ಕೊಟ್ಟ ಒಂದು ಸರಣಿ ಸಂಖ್ಯೆ ಇರುತ್ತದೆ. ಅದು ಮೇಲಿನ ಚೀಟಿಯ ಮೇಲೂ ಅಚ್ಚಾಗಿರುತ್ತದೆ. ಬೈ-ಐಡಿ ಎಂಬ ಫೋಲ್ಡರಿನಲ್ಲಿ ಲಿನಕ್ಸು ಪ್ರತಿ ಡಿಸ್ಕನ್ನೂ ಆ ಸಂಖ್ಯೆಯಿಂದಲೇ ಕರೆಯುತ್ತದೆ. ಯಾವ ವಾಯರಿರಲಿ, ಯಾವುದು ಮೊದಲು ಏಳಲಿ, ಆ ಹೆಸರು ಬದಲಾಗುವುದಿಲ್ಲ.

ಪೆನ್‌ಡ್ರೈವಿನಿಂದ ಬೇರೊಂದು ಲಿನಕ್ಸು ಚಾಲೂ ಮಾಡಿದೆ, ನನ್ನ ಸ್ಕ್ರಿಪ್ಟು ಏಳದಿರಲಿ ಅಂತ. ಕರೆಂಟು ಹೋದರೆ ಅಂಗಡಿಯ ಇನ್ವರ್ಟರ್ ಇರಲಿ ಎಂದು ಕಿಟಕಿಯಿಂದ ವಾಯರು ಎಳೆದೆವು. ಅಕ್ಕ ಮೂಲದ ಡಿಸ್ಕಿನ ಚೀಟಿ ಓದಲು ಬಗ್ಗಿದಳು.

"ಕುಂಕುಮ ಮೆತ್ಯಾರ. ಕಡೀದು ಮೂರೋ ಎಂಟೋ ತಿಳೀವಲ್ದು."

ಸಾವುಕಾರರು ಪಂಚೆಯ ತುದಿಯಿಂದ ಮೆಲ್ಲಗೆ ಒರಸಿ, ಕನ್ನಡಕ ತೆಗೆದು ಭೂತಗನ್ನಡಿಯ ಹಾಗೆ ಹಿಡಿದರು. "ಎಂಟು. ಖರೇನ ಎಂಟು."

"ನೀ ಪರದಿ ಮ್ಯಾಲಿಂದು ಓದು" ಅಂದಳು ಅಕ್ಕ ನನಗೆ. ಓದಿದೆ. "ಇದು ಯಾವುದರಿಂದನೋ, ಯಾವುದಕ್ಕೋ?"

"ಯಾವುದರಿಂದ."

"ಇನ್ನೊಂದು ಓದು. ಅವಸರ ಮಾಡಬ್ಯಾಡ, ಹಾಲ್ ಟಿಕೆಟ್ ನಂಬರ್ ತುಂಬಿದಂಗ ಓದು."

ಕ್ಯಾಮೆರಾ ಡಿಸ್ಕಿನ ಸಂಖ್ಯೆಯನ್ನು ಒಂದೊಂದೇ ಅಕ್ಷರ ಓದಿದೆ. ಅವಳು ಚೀಟಿಯ ಮೇಲೆ ಬೆರಳಿಟ್ಟು ಒಂದೊಂದಕ್ಕೂ ಹೂಂಗುಟ್ಟಿದಳು. ನನ್ನ ಬೆರಳು ಎಂಟರ್ ಕೀಲಿಯ ಮೇಲೆ ಇತ್ತು, ಒತ್ತಲಾಗುತ್ತಿರಲಿಲ್ಲ. ಸಾವುಕಾರರಿಗೆ ತಡೆಯಲಾಗಲಿಲ್ಲ. "ಒತ್ತೋ ಮಾರಾಯಾ, ನನ್ನ ಬಿಪಿ ಏರಾಕತ್ತೈತಿ."

ಒತ್ತಿದೆ. ಮುಂದಿನ ಅರ್ಧ ದಿನ ಪರದೆಯ ಮೇಲೆ ಅಂಕಿಗಳು ಏರುವುದನ್ನು ನೋಡುವುದೇ ಕೆಲಸ. ನಡುವೆ ಎರಡು ಸಲ ಕರೆಂಟು ಹೋಯಿತು, ಇನ್ವರ್ಟರ್ ಹಿಡಿಯಿತು.

ಅಚ್ಚು ಮುಗಿದಾಗ ಇನ್ನೊಂದು ಹಳ್ಳ ಎದುರಾಯಿತು. ಡಿಸ್ಕಿನ ಪ್ರತಿ ಭಾಗಕ್ಕೂ, ಅಂದರೆ ಪಾರ್ಟಿಷನ್ನಿಗೂ, ಫಾರ್ಮ್ಯಾಟ್ ಮಾಡುವಾಗ ಒಂದು ಉದ್ದನೆಯ ಗುರುತು ಕೊಡಲಾಗುತ್ತದೆ, ಯುಯುಐಡಿ ಅಂತ. ಎಸ್‌ಡಿಬಿ ಬಿಟ್ಟು ಇದನ್ನು ಬಳಸಿ ಎಂದು ಎಲ್ಲರೂ ಹೇಳುತ್ತಾರೆ, ನಿಜ. ಆದರೆ ನಾನು ಇಳಿಸಿದ್ದು ಯಥಾವತ್ ಅಚ್ಚು, ಗುರುತೂ ಯಥಾವತ್ ಬಂದಿತ್ತು. ಈಗ ಒಂದೇ ಯುಯುಐಡಿಯ ಎರಡು ಪಾರ್ಟಿಷನ್ನುಗಳು! ಒಟ್ಟಿಗೆ ಸಿಗಿಸಿದರೆ ಯಾವುದು ತೆರೆಯುತ್ತದೋ ಗೊತ್ತಾಗದು. ಮೂಲದ ಡಿಸ್ಕನ್ನು ಕಿತ್ತು ಸಾವುಕಾರರ ಕೈಗೆ ಕೊಟ್ಟೆ. ಅವರು ಅದನ್ನು ತಿಜೋರಿಯಲ್ಲಿಟ್ಟು ಬೀಗ ಹಾಕಿ, ಬೀಗ ಎಳೆದು ನೋಡಿದರು.

ಹುಡುಕುವ ಪ್ರೋಗ್ರಾಮನ್ನು ಅಚ್ಚಿನ ಮೇಲೆ ಓಡಿಸಿ, ಸಿಕ್ಕದ್ದನ್ನು ದೇವದುರ್ಗದ ಡಿಸ್ಕಿನಲ್ಲಿ ಖಾಲಿ ಇದ್ದ ಜಾಗಕ್ಕೆ ಬೀಳಿಸಿದೆ. ಮರುದಿನ ಮಧ್ಯಾಹ್ನದ ಹೊತ್ತಿಗೆ ಫೈಲುಗಳು ಬಂದಿದ್ದವು. ಹೆಸರು ಮಾತ್ರ ಒಂದಕ್ಕೂ ಇರಲಿಲ್ಲ, ಬರೀ ಅಂಕಿ. ಹಳೆಯವು, ಹೊಸವು, ನಾನು ಎಂದೋ ಅಳಿಸಿದ ಸಿನಿಮಾ ತುಣುಕು, ಎಲ್ಲ ಕಲಸಿಹೋಗಿದ್ದವು. ತೆರೆದು ನೋಡಿಯೇ ಹೆಸರು ಇಡಬೇಕು.

"ಅಕ್ಕಾ, ನೀ ಕೆಳಗ ಕುಂತು ಓದು. ಇದು ನನ್ನ ಕೆಲಸ" ಅಂದೆ. ಅವಳು ಪುಸ್ತಕ ತೆಗೆದುಕೊಂಡು ಚೀಲಗಳ ನಡುವೆ ಕೂತಳು. ನಾನು ಮೇಲೆ ಮೊದಲ ವಿಡಿಯೊ ಹಾಕಿದೆ. ಅವಳದೇ ದನಿ ಕೋಣೆ ತುಂಬಿತು. ಸ್ವಲ್ಪ ಹೊತ್ತಿಗೆ ಮೆಟ್ಟಿಲ ಮೇಲೆ ಹೆಜ್ಜೆ.

"ನಿಲ್ಸು, ನಿಲ್ಸು. ಇದು ನೀಲಿ ಸೀರಿ ಉಟ್ಟಿದ ದಿನದ್ದು. ಸಮಯ ಮತ್ತು ಕೆಲಸ, ಎರಡನೇದು."

"ನೀ ಕೆಳಗ ಹೋಗಕ್ಕಾ."

"ಹೋಗ್ತೀನಿ. ಮುಂದಿಂದು ಹಾಕು... ಅಯ್ಯ, ಇಲ್ಲಿ ಒಂದು ಹೆಜ್ಜಿ ಬಿಟ್ಟೀನಲ್ಲೋ! ಪರೀಕ್ಷಾದಾಗ ಹಿಂಗ ಬಿಟ್ರ ಹೋಗೇ ಬಿಡ್ತಿತ್ತು."

ಅವಳು ಕೆಳಗೆ ಹೋಗಲೇ ಇಲ್ಲ. ಪುಸ್ತಕ ತೊಡೆಯ ಮೇಲಿಟ್ಟುಕೊಂಡು, ತನ್ನ ಪಾಠ ತಾನೇ ನೋಡುತ್ತ, ನನಗೆ ಹೆಸರು ಹೇಳುತ್ತ, ಉತ್ತರ ಬರುವ ಮೊದಲೇ ವಿಡಿಯೊ ನಿಲ್ಲಿಸಿ ಕಾಗದದ ಮೇಲೆ ತಾನೇ ಬಿಡಿಸುತ್ತ ಕೂತಳು. ಪರೀಕ್ಷೆಯ ಮುಂಚಿನ ದಿನಗಳೆಲ್ಲ ಹಾಗೇ ಹೋದವು. ಓದು ಕೆಡುತ್ತದೆಂದು ನಾನು ಒದ್ದಾಡುತ್ತಿದ್ದರೆ, ಅವಳ ಇಡೀ ಗಣಿತ ಒಮ್ಮೆ ತಿರುವಿಹಾಕಿದಂತಾಯಿತು.

ಒಂದು ಪಾಠ ಮಾತ್ರ ಬರಲಿಲ್ಲ. ಗಡಿಯಾರದ ಮುಳ್ಳುಗಳ ಲೆಕ್ಕ, ಅವಳು ಕೊನೆಗೆ ಮಾಡಿದ್ದು. ಫೈಲು ಸಿಕ್ಕಿತು, ತೆರೆದರೆ ಬರೀ ಹಸಿರು ಪಟ್ಟೆಗಳು. ಅದನ್ನು ಮತ್ತೆ ಮಾಡುತ್ತೇನೆಂದು ಅಕ್ಕ ಬೋರ್ಡು ಒರಸಲು ಎದ್ದೇಬಿಟ್ಟಳು. ನಾನು ದೇವದುರ್ಗದ ರೂಮು ನೋಡಿಕೊಳ್ಳುವ ಗೆಳೆಯನಿಗೆ ಫೋನು ಹಚ್ಚಿ, ವಿಷಯ ಹೇಳಿ, ಸ್ಪೀಕರಿಗೆ ಹಾಕಿದೆ.

"ಅಕ್ಕಾ, ಗಡಿಯಾರ ಇಲ್ಲಂದ್ರ ಇರಲಿ ಬಿಡು" ಅಂದ ಅವನು. ಹಿಂದಿನಿಂದ ಒಂದಿಷ್ಟು ದನಿಗಳು ಕೂಡಿದವು. "ಒಂದು ಮಾರ್ಕ್ ಹೋದ್ರ ಹೋಗ್ಲಿ. ನೀ ಓದು. ಇಲ್ಲಾಂದ್ರ ನಾವ ಬಸ್ ಹತ್ತಿ ಬಂದು ನಿನ್ನ ಮೊಬೈಲ್ ಡಬ್ಬಿಗೆ ಹಾಕ್ತೀವಿ ನೋಡು."

ಅವಳು ಡಸ್ಟರು ಕೆಳಗಿಟ್ಟಳು.

ಯಂತ್ರವನ್ನು ಹೇಗೆ ಸರಿ ಮಾಡಿದೆ ಎಂದು ಕೇಳುವವರಿಗೆ: ಯಾವ ಪಾರ್ಟಿಷನ್ ಯಾವ ಫೋಲ್ಡರಿನಲ್ಲಿ ಕೂರಬೇಕೆಂದು ಹೇಳುವ ಎಫ್‌ಎಸ್‌ಟ್ಯಾಬ್ ಪಟ್ಟಿಯಲ್ಲಿ ಈಗ ಎಸ್‌ಡಿ ಎಂಬ ಪದವೇ ಇಲ್ಲ, ಎಲ್ಲ ಯುಯುಐಡಿ. ತಿಜೋರಿಯಿಂದ ಮೂಲವನ್ನು ತೆಗೆಸಿ ಹೆಸರಿಟ್ಟ ಪಾಠಗಳನ್ನೆಲ್ಲ ಅದಕ್ಕೆ ತುಂಬಿಸಿದ ಮೇಲೆ, ಕ್ಯಾಮೆರಾ ಡಿಸ್ಕನ್ನು ಹೊಸದಾಗಿ ಫಾರ್ಮ್ಯಾಟ್ ಮಾಡಿ ಹಿಂತಿರುಗಿಸಿದೆ. ಜೋಡಿ ಗುರುತು ಅಲ್ಲಿಗೆ ಮುಗಿಯಿತು. ಪಾರ್ಟಿಷನ್ನುಗಳಿಗೆ ಮೂಲ, ದೇವದುರ್ಗ, ಮಾನ್ವಿ ಎಂದು ಲೇಬಲ್ ಕೊಟ್ಟಿದ್ದೇನೆ. ಸ್ಕ್ರಿಪ್ಟು ಮೊದಲು ಲೇಬಲ್ ನೋಡುತ್ತದೆ, ಹೊಂದದಿದ್ದರೆ ಸುಮ್ಮನೆ ನಿಲ್ಲುತ್ತದೆ. ಬೆರಳೆಣಿಕೆಗಿಂತ ಹೆಚ್ಚು ಫೈಲು ಅಳಿಸಬೇಕಾಗಿ ಬಂದರೂ ನಿಂತು ನನ್ನನ್ನು ಕೇಳುತ್ತದೆ. ಚಾಲೂ ಆದಾಗ ತಾನೇ ಓಡುವುದನ್ನು ತೆಗೆದೇಬಿಟ್ಟೆ.

ಪರೀಕ್ಷೆ ರಾಯಚೂರಿನಲ್ಲೇ ಇತ್ತು, ಭಾನುವಾರ. ಬಿಟ್ಟ ಮೇಲೆ ದೇವದುರ್ಗದವರನ್ನು ಬಸ್ಸಿಗೆ ಹತ್ತಿಸಲು ನಾನು ಸ್ಟ್ಯಾಂಡಿಗೆ ಹೋದರೆ ಅವರ ನಡುವೆ ಅಕ್ಕನೂ ನಿಂತಿದ್ದಳು. ಯಾಪಲದಿನ್ನಿಯ ಬಸ್ಸು ಆ ಕಡೆ ಹೊರಟಿತ್ತು, ಅವಳು ತಿರುಗಿಯೂ ನೋಡಲಿಲ್ಲ.

"ಹೆಂಗ್ ಬರದೀ ಅಕ್ಕಾ?"

"ಬರದೀನಿ. ನಡಿ, ನೀನೂ ಹತ್ತು, ಮೊಬೈಲ್ ಹಿಡಿಯೋರು ಬೇಕು. ಗಡಿಯಾರ ಉಳದೈತಿ."

ದೇವದುರ್ಗದ ಗೆಳೆಯ ನಕ್ಕ. "ಪರೀಕ್ಷಾ ಮುಗೀತಲ್ಲಕ್ಕಾ, ಇನ್ಯಾಕ?"

"ನನಗ ಮುಗೀತು" ಅಂದಳು ಅವಳು, ಕಿಟಕಿಯಿಂದ ಟವೆಲು ಹಾಕಿ ಸೀಟು ಹಿಡಿಯುತ್ತ. "ನಿಮಗಿನ್ನೂ ಎಷ್ಟು ಅದಾವ."

ಆ ಸಂಜೆ ಅವಳು ಬೋರ್ಡಿನ ಮೇಲೆ ದೊಡ್ಡ ಗಡಿಯಾರ ಬರೆದು ಪಾಠ ಮಾಡಿದಳು, ಎಲ್ಲರೂ ಕೂತು ಕೇಳಿದರು, ನಾನು ಹಿಡಿದೆ. ಪಾಠ ಮೂರೂ ಡಿಸ್ಕುಗಳಲ್ಲಿ ಬಂದು ಕೂತದ್ದನ್ನು ಕಣ್ಣಾರೆ ನೋಡುವವರೆಗೆ ಅವಳ ಮೊಬೈಲಿನಿಂದ ಅದನ್ನು ಅಳಿಸಲು ನಾನು ಬಿಡಲಿಲ್ಲ. ಫಲಿತಾಂಶ ಇನ್ನೂ ಬಂದಿಲ್ಲ. ದಿನಾ ಬೆಳಿಗ್ಗೆ ಸಾವುಕಾರರು ಅವಳಿಗಿಂತ ಮೊದಲೇ ನನ್ನನ್ನು ಕೇಳುತ್ತಾರೆ, ಬಂತೇನೋ ಅಂತ.

ನಿಮ್ಮ ಡಿಸ್ಕುಗಳು ಹೀಗೆ ರಾತ್ರೋರಾತ್ರಿ ಹೆಸರು ಬದಲಿಸಿ ಆಟ ಆಡಿಸಿದ್ದಿದೆಯೆ? ಏನು ಹೋಯಿತು, ಏನು ಮರಳಿ ಸಿಕ್ಕಿತು, ಈಗ ಅವನ್ನು ಯಾವುದರಿಂದ ಗುರುತು ಹಿಡಿಯುತ್ತೀರಿ? ನನಗಿಂತ ಚೆನ್ನಾಗಿ ಮಾಡಿದ್ದರೆ ಅದನ್ನಂತೂ ಬರೆಯಲೇಬೇಕು. ಕೆಳಗೆ ಬರೆದು ಹೋಗಿ, ಒಂದೊಂದನ್ನೂ ಕೂತು ಓದುತ್ತೇನೆ.